ತಡಕೋಡ ಸರ್ ಕಲಿಸದ ಅಧ್ಯಾಯ

ನಮ್ಮ ಊರಿನಲ್ಲಿ ಮನೆಗೊಬ್ಬರಾದರೂ ಲೀನಿಯರ್ ಅಲ್ಜೀಬ್ರಾ ಪಾಸಾಗಿರಬೇಕು. ಹಾಗಂತ ಕಾನೂನೇನಿಲ್ಲ. ಆದರೆ ಪಾಸಾದವರಿಲ್ಲದ ಮನೆಯವರು ಊರು ಹೊರಳಿ ಮನೆ, ಬೀದಿಗಳು ಜಾಗ ಬದಲಿಸಿದ ಬೆಳಿಗ್ಗೆ ಹೊರಗೆ ಬಂದು, ನಮ್ಮ ಅಂಗಡಿ ಎಲ್ಲಿ ಹೋಯಿತು, ಮಕ್ಕಳ ಶಾಲೆ ಯಾವ ಕಡೆಗಿದೆ ಎಂದು ಕಂಡಕಂಡವರನ್ನು ಕೇಳಬೇಕಾಗುತ್ತದೆ. ಹೊರಳು ನಿಂತ ಮೇಲೆ ಪುರಸಭೆಯವರು ಪೇಟೆಪೇಟೆಯ ಗೋಡೆಗೂ ಒಂದೊಂದು ಚೌಕ ಅಂಟಿಸುತ್ತಾರೆ. ಎರಡು ಸಾಲು, ಸಾಲಿಗೆರಡು ಅಂಕಿ. ಊರ ನಡುವಿನ ಬಾವಿಯಿಂದ ನಿಮ್ಮ ಜಾಗ ಮೂಡಲಿಗೆಷ್ಟು, ಬಡಗಲಿಗೆಷ್ಟು ಎಂಬುದನ್ನು ಆ ಚೌಕದಿಂದ ಗುಣಿಸಿದರೆ ಅದೀಗ ಎಲ್ಲಿದೆ ಎಂದು ತಿಳಿಯುತ್ತದೆ. ಬಾವಿ ಮಾತ್ರ ಎಂದೂ ಕದಲುವುದಿಲ್ಲ.

ನಮ್ಮ ಮನೆಯಲ್ಲಿ ಪಾಸಾಗಿದ್ದವನು ಅಜ್ಜ. ಅವನು ತೀರಿಕೊಂಡ ಮೇಲೆ ಬಂದ ಮೊದಲ ಹೊರಳಿಗೆ ಅಪ್ಪ ತನ್ನ ಹೊಲಿಗೆ ಅಂಗಡಿ ಹುಡುಕುತ್ತ ಮಧ್ಯಾಹ್ನದವರೆಗೂ ಅಲೆದ. ಮನೆಗೆ ಬಂದವನು ಊಟಕ್ಕೂ ಕೂರದೆ, 'ದಾನಮ್ಮ, ಈ ವರ್ಷ ನೀ ವಿಶ್ವವಿದ್ಯಾಲಯಕ್ಕ ಹೋಗವ್ವ' ಎಂದ. ಅಪ್ಪ ನನ್ನನ್ನು ಪೂರ್ತಿ ಹೆಸರು ಹಿಡಿದು ಕರೆಯುತ್ತಿದ್ದದ್ದು ಕಡಿಮೆ. ನಾನು ಎದುರಾಡಲಿಲ್ಲ.

ನಮ್ಮದು ಮೂಡಲ ಪೇಟೆ. ನಾನು ತೊಟ್ಟಿಲಲ್ಲಿದ್ದಾಗ ಒಂದು ಕೆಟ್ಟ ಹೊರಳು ಬಂದು ಇಡೀ ಪೇಟೆ ಮಡಿಚಿಕೊಂಡು ಒಂದೇ ಬೀದಿಯಾಯಿತು. ಬೇರೆ ಬೇರೆ ಓಣಿಯ ಎರಡೆರಡು ಮೂರುಮೂರು ಮನೆಗಳು ಒಂದೇ ಹೊಸ್ತಿಲಿಗೆ ಬಂದು ನಿಂತವು. ನಮ್ಮ ಹೊಸ್ತಿಲಿಗೆ ಬಡಿಗೇರರ ಮನೆ ಬಂತು. ಮೊದಮೊದಲು ಜಗಳ, ಆಮೇಲೆ ಒಂದೇ ಒಲೆ. ನಾನು ಬೆಳೆಯುವ ಹೊತ್ತಿಗೆ ಯಾವ ಬಾಗಿಲು ಯಾರದೆಂದು ಹಿರಿಯರಿಗೂ ಮರೆತಿತ್ತು. ಆದರೆ ಬಾವಿಯತ್ತ ಓರೆಯಾಗಿ ಹಾದಿದ್ದ ಕಂಬಾರ ಓಣಿ ಆ ಬೀದಿಯಲ್ಲಿ ಎಲ್ಲಿಯೂ ಇರಲಿಲ್ಲ. ಆ ಓಣಿಯ ಯಾವ ಮನೆಯ ಲೆಕ್ಕ ಹಾಕಿದರೂ ಒಂದೇ ಉತ್ತರ ಬರುತ್ತಿತ್ತು: ಸೊನ್ನೆ, ಸೊನ್ನೆ. ಅಂದರೆ ಬಾವಿ. ಬಾವಿಯಲ್ಲಿ ಇಣುಕಿದರೆ ನೀರಿತ್ತು, ಅಷ್ಟೆ. ಆಮೇಲಿನ ಹೊರಳುಗಳಲ್ಲಿ ನಮ್ಮ ಬೀದಿ ಆಚೀಚೆ ತಿರುಗಿತೇ ಹೊರತು ಬಿಚ್ಚಿಕೊಳ್ಳಲಿಲ್ಲ.

ಓಣಿಯ ಜೊತೆ ಇಲ್ಲವಾದವರ ನಂಟರು ಯಾರೂ ತಿಥಿ ಮಾಡಲಿಲ್ಲ, ಗೋರಿ ಕಟ್ಟಲಿಲ್ಲ. ಹೆಂಡಂದಿರು ಕುಂಕುಮ ಅಳಿಸಲಿಲ್ಲ. ಹೋದದ್ದನ್ನು ಹೋದಲ್ಲಿಂದ ಮರಳಿ ತರುವ ಮರುಚೌಕವೊಂದು ಪ್ರತಿ ಚೌಕಕ್ಕೂ ಇರುತ್ತದೆ ಎಂದು ಊರು ನಂಬಿತ್ತು. ಆ ವರ್ಷದ ಚೌಕಕ್ಕೆ ಮರುಚೌಕದ ಸೂತ್ರ ಹಚ್ಚಿದರೆ ಸೊನ್ನೆಯಿಂದ ಭಾಗಿಸಬೇಕಾಗಿ ಬಂದು ಲೆಕ್ಕ ಅಲ್ಲಿಗೇ ನಿಲ್ಲುತ್ತಿತ್ತು. ಸೂತ್ರ ನಿಂತರೇನಾಯಿತು, ಬೇರೆ ದಾರಿ ಇದ್ದೀತು, ಓದಿದವರು ಯಾರಾದರೂ ಒಂದು ದಿನ ಕಂಡುಹಿಡಿದಾರು ಎಂದು ಜನ ಹೇಳುತ್ತಿದ್ದರು. ಚಿಕ್ಕಂದಿನಿಂದ ನಾನೂ ಅದನ್ನೇ ಕೇಳಿ ಬೆಳೆದವಳು.

ತರಗತಿಗೆ ಮೊದಲ ದಿನ ತಡವಾಗಿ ಹೋದೆ. ಮುಂದಿನ ಬೆಂಚಿನಲ್ಲಿ ಮಾತ್ರ ಜಾಗವಿತ್ತು. ಅಲ್ಲಿ ಆಸ್ಪತ್ರೆಯ ಬಿಳಿ ಸೀರೆಯಲ್ಲೇ ಒಬ್ಬ ಹೆಂಗಸು ಕೂತಿದ್ದಳು. ತಲೆಯ ಅರ್ಧ ನರೆತಿತ್ತು. ನಾನು ಅವಳನ್ನು ಗುರುತು ಹಿಡಿದೆ. ಸರಕಾರಿ ಆಸ್ಪತ್ರೆಯ ಎಸ್ತರ್ ಸಿಸ್ಟರ್. ಕಂಬಾರ ಓಣಿ ಹೋದ ಬೆಳಿಗ್ಗೆ ಅವಳು ಡ್ಯೂಟಿಯಲ್ಲಿದ್ದಳು. ಗಂಡ ದೇವಪುತ್ರಪ್ಪ ಮನೆಯಲ್ಲಿ ಮಲಗಿದ್ದ. ಮದುವೆಯಾಗಿ ಹೆಚ್ಚು ಕಾಲವಾಗಿರಲಿಲ್ಲ. ಅವನ ತಾಯಿ ಮರಿಯವ್ವ ನೀರಿಗೆಂದು ಬೇರೆ ಪೇಟೆಗೆ ಹೋಗಿದ್ದಳಾದ್ದರಿಂದ ಉಳಿದಿದ್ದಳು. ಅಂದಿನಿಂದ ಅತ್ತೆ ಸೊಸೆ ಇಬ್ಬರೇ ಆಸ್ಪತ್ರೆಯ ವಸತಿಯಲ್ಲಿದ್ದರು. ಇಷ್ಟು ಇಡೀ ಊರಿಗೆ ಗೊತ್ತಿದ್ದ ಸಂಗತಿ. ಅವಳು ಈ ವಯಸ್ಸಿನಲ್ಲಿ ಇಲ್ಲಿ ಯಾಕೆ ಬಂದು ಕೂತಿದ್ದಾಳೆ ಎಂದು ಯಾರೂ ಯಾರನ್ನೂ ಕೇಳಲಿಲ್ಲ.

ತಡಕೋಡ ಸರ್ ತೆಳ್ಳಗಿನ ಮನುಷ್ಯ. ಬೋರ್ಡಿನ ಜೊತೆಗೇ ಮಾತಾಡುತ್ತಾರೇನೋ ಎಂಬಷ್ಟು ಮೆಲ್ಲನೆಯ ದನಿ. ಅವರು ಎಷ್ಟೋ ವರ್ಷಗಳಿಂದ ಅದೊಂದನ್ನೇ ಕಲಿಸುತ್ತಿದ್ದರು. ನಮ್ಮ ಅಪ್ಪನ ವಯಸ್ಸಿನವರೂ ಅವರ ವಿದ್ಯಾರ್ಥಿಗಳೇ. ಮೊದಲ ತಿಂಗಳು ನನಗೆ ಹಬ್ಬದ ಹಾಗಿತ್ತು. ಸಮೀಕರಣಗಳನ್ನು ಸಾಲಾಗಿ ಬರೆಯುವುದು, ಒಂದು ಸಾಲಿನಿಂದ ಇನ್ನೊಂದನ್ನು ಕಳೆಯುವುದು, ಕೆಳಗಿನ ಮೂಲೆಯಲ್ಲಿ ಸೊನ್ನೆಗಳು ಮೆಟ್ಟಿಲಿನಂತೆ ನಿಲ್ಲುವವರೆಗೆ ಬಿಡದಿರುವುದು. ಹೊಲಿಗೆಯವನ ಮಗಳು ನಾನು, ಕೈ ಚುರುಕಿತ್ತು. ಎಲ್ಲರಿಗಿಂತ ಮೊದಲು ಉತ್ತರ ಹೇಳಿ ಹಿಂದೆ ತಿರುಗಿ ನೋಡುತ್ತಿದ್ದೆ. ಹಿಂದಿನ ಬೆಂಚಿನಲ್ಲಿ ಗುರುನಾಥ ಎನ್ನುವವನಿದ್ದ. ಎರಡು ಸಲ ಫೇಲಾಗಿ ಮೂರನೇ ಸಲ ಕೂತವನು. ನನ್ನ ಹಿಗ್ಗು ನೋಡಿ, 'ಇನ್ನೂ ಊರ ಹೊರಗ ಅದೀ ತಂಗಿ, ಅಗಸಿ ಬಾಗಿಲ ದಾಟು, ಆಮ್ಯಾಲೆ ಗೊತ್ತಾಗತೈತಿ' ಎಂದ.

ಅವನು ಹೇಳಿದಂತೆಯೇ ಆಯಿತು. ಒಂದು ಸೋಮವಾರ ಸರ್ ಬಂದು ಅಂಕಿಗಳನ್ನೆಲ್ಲ ಒರೆಸಿದರು. ವೆಕ್ಟರ್ ಎಂದರೆ ಬಾಣವಲ್ಲ, ಜಾಗವೂ ಅಲ್ಲ. ಕೂಡಿಸಲು, ಹಿಗ್ಗಿಸಲು ಬರುವ ಯಾವುದಾದರೂ ವೆಕ್ಟರೇ ಎಂದರು. ಎಂಟು ನಿಯಮ ಬರೆದರು. ಆಮೇಲೆ ವಾರಗಟ್ಟಲೆ ಬೋರ್ಡಿನ ಮೇಲೆ ಒಂದು ಅಂಕಿಯೂ ಬರಲಿಲ್ಲ. 'ಯಾವುದೇ' ಎಂಬ ಮಾತು ಬಂತು, 'ಎಲ್ಲ' ಎಂಬ ಮಾತು ಬಂತು, 'ಇದೆ ಎಂದು ಹಿಡಿಯೋಣ' ಎಂಬುದು ಬಂತು. ಪ್ರತಿ ವಾಕ್ಯದ ಪದಪದವೂ ನನಗೆ ಅರ್ಥವಾಗುತ್ತಿತ್ತು, ವಾಕ್ಯ ಆಗುತ್ತಿರಲಿಲ್ಲ. ಮನೆಯಲ್ಲಿ ಪುಸ್ತಕ ತೆರೆದರೆ ಬೇರೆಯವರ ಮನೆಯ ಹೊಸ್ತಿಲಲ್ಲಿ ನಿಂತ ಹಾಗಾಗುತ್ತಿತ್ತು. ತರಗತಿ ತೆಳ್ಳಗಾಗುತ್ತ ಬಂತು. ಕೆಲವರು ಬಿಟ್ಟೇ ಹೋದರು. ಅವರ ಮನೆಯವರು ಲೆಕ್ಕ ಬಲ್ಲ ಸೊಸೆಯನ್ನು ತಂದುಕೊಳ್ಳುವ ಮಾತಾಡಿದರು.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ 'ಯಾವುದೇ ಚೌಕಕ್ಕೂ ಇದು ನಿಜವೆಂದು ತೋರಿಸಿ' ಎಂಬ ಪ್ರಶ್ನೆಗೆ ನಾನು ಪುಟ ತುಂಬ ಅಂಕಿ ಬರೆದೆ. ಒಂದು ಚೌಕ ತೆಗೆದುಕೊಂಡು ಸರಿ ಬರುತ್ತದೆಯೆಂದು ನೋಡಿದೆ, ಇನ್ನೊಂದಕ್ಕೆ ನೋಡಿದೆ, ಮೂರನೆಯದಕ್ಕೂ ಸರಿ ಬಂತು. ಉತ್ತರಪತ್ರಿಕೆ ಮರಳಿ ಬಂದಾಗ ಅಂಚಿನಲ್ಲಿ ಸರ್ ಬರೆದಿದ್ದರು: ಇವು ಉದಾಹರಣೆಗಳು, ಸಾಧನೆಯಲ್ಲ. ಅಂಕ ಸೊನ್ನೆ. ನಾನು ತರಗತಿಯ ಹಿಂದಿನ ಬೇವಿನ ಕಟ್ಟೆಗೆ ಹೋಗಿ ಅತ್ತೆ. ಅಪ್ಪನಿಗೆ ಏನು ಹೇಳುವುದೆಂದು ಅಳು, ಮೂರು ಸಲ ಸರಿ ಬಂದದ್ದು ತಪ್ಪು ಹೇಗೆ ಎಂದು ಸಿಟ್ಟು.

ಎಸ್ತರಮ್ಮ ಬಂದು ಪಕ್ಕದಲ್ಲಿ ಕೂತಳು. ನನ್ನ ಪತ್ರಿಕೆ ಇಸಿದುಕೊಂಡು ನಿಧಾನವಾಗಿ ಓದಿದಳು. ಅವಳಿಗೂ ಒಳ್ಳೆಯ ಅಂಕ ಬಂದಿರಲಿಲ್ಲ. ಗುಣಿಸುವಾಗೆಲ್ಲ ಕೈ ತಪ್ಪುತ್ತಿತ್ತು. ಆದರೆ 'ತೋರಿಸಿ' ಎಂಬ ಪ್ರಶ್ನೆಗೆ ಪೂರ್ತಿ ಅಂಕ ಬಂದದ್ದು ಇಡೀ ತರಗತಿಯಲ್ಲಿ ಅವಳೊಬ್ಬಳಿಗೇ.

'ಒಂದು ಔಷಧ ಮೂರು ಮಂದಿಗೆ ಹತ್ತಿತು ಅಂತ ತಿಳಿ,' ಎಂದಳು. 'ನಾಲ್ಕನೇದಾವ ಬಂದು, ನನಗೂ ಹತ್ತತೈತೇನ್ರಿ ಸಿಸ್ಟರ್ ಅಂತ ಕೇಳಿದ್ರ ನೀ ಏನು ಹೇಳ್ತಿ? ಹತ್ತಬಹುದು ಅಂತೀ, ಅಷ್ಟ. ಇಲ್ಲಿ ಸರ್ ಕೇಳಾಕತ್ತಿದ್ದು ಹತ್ತಬಹುದು ಅಂತಲ್ಲವ್ವ. ಇನ್ನೂ ಹುಟ್ಟದಾವಗೂ ಹತ್ತಲೇಬೇಕು, ಹಂಗ ಹೇಳು ಅಂತಾರ.'

ಅಂದಿನಿಂದ ನಾವಿಬ್ಬರೂ ಜೊತೆಗೆ ಓದತೊಡಗಿದೆವು. ಅವಳ ಡ್ಯೂಟಿ ಮುಗಿಯುವ ಮಧ್ಯಾಹ್ನದ ಹೊತ್ತಿಗೆ ನಾನು ಆಸ್ಪತ್ರೆಗೆ ಹೋಗುತ್ತಿದ್ದೆ. ಹೊರರೋಗಿಗಳ ಬೆಂಚಿನ ಮೇಲೆ, ಫಿನಾಯಿಲ್ ವಾಸನೆಯ ನಡುವೆ, ನಾನು ಅವಳಿಗೆ ಸಾಲು ಕಳೆಯುವುದನ್ನು ಕಲಿಸುತ್ತಿದ್ದೆ. ಅವಳು ನನಗೆ 'ಯಾವುದೇ' ಎಂಬ ಪದದ ಮುಂದೆ ಹೆದರದೆ ನಿಲ್ಲುವುದನ್ನು. ಒಂದು ದಿನ, ಒಂದೂ ಅಂಕಿಯಿಲ್ಲದ ಆರು ಸಾಲಿನ ಸಾಧನೆಯೊಂದನ್ನು ನಾನೊಬ್ಬಳೇ ಬರೆದು ಮುಗಿಸಿದೆ. ಮುಗಿಸಿ ನೋಡಿದರೆ ಅದರಲ್ಲಿ ಎಲ್ಲಿಯೂ ಸಂದಿರಲಿಲ್ಲ. ನನ್ನದೆಂದೇ ನಂಬಿಕೆಯಾಗಲಿಲ್ಲ. ಅವಳು ಓದಿ ಚಹಾ ತರಿಸಿದಳು.

ದೇವಪುತ್ರಪ್ಪನ ಮಾತನ್ನು ಅವಳು ಎತ್ತುತ್ತಿರಲಿಲ್ಲ. ಅವನು ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದನೆಂದೂ, ಬರೆದದ್ದನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಾಮುರುಗಾ ಓದುತ್ತಿದ್ದನೆಂದೂ ಒಮ್ಮೆ ಹೇಳಿದ್ದುಂಟು. ಪುಸ್ತಕದ ಹನ್ನೊಂದನೆಯ ಅಧ್ಯಾಯ ಯಾವಾಗ ಬರುತ್ತದೆಂದು ಮಾತ್ರ ಮೇಲಿಂದ ಮೇಲೆ ಲೆಕ್ಕ ಹಾಕುತ್ತಿದ್ದಳು. ಮರುಚೌಕ ಯಾವಾಗ ಇರುತ್ತದೆ, ಯಾವಾಗ ಇರುವುದಿಲ್ಲ ಎಂಬುದು ಆ ಅಧ್ಯಾಯದಲ್ಲಿತ್ತು. ಅದರ ಮಾತು ಬಂದಾಗ ಗುರುನಾಥ, ತಾನು ಕೂತ ಎರಡು ವರ್ಷವೂ ಸರ್ ಅದನ್ನು ಕಲಿಸಲಿಲ್ಲ, ತನ್ನ ಅಣ್ಣನ ಕಾಲದಲ್ಲೂ ಕಲಿಸಿರಲಿಲ್ಲ ಎಂದ. ಪ್ರತಿ ವರ್ಷವೂ ಹತ್ತನೆಯದು ಮುಗಿದ ಮೇಲೆ ಸಮಯ ಸಾಲದೆಂದು ಹೇಳಿ ಹನ್ನೆರಡಕ್ಕೆ ಹೋಗುತ್ತಾರಂತೆ.

ನಮ್ಮ ವರ್ಷವೂ ಹಾಗೆಯೇ ಆಯಿತು. ಸರ್ ಹನ್ನೆರಡನೆಯ ಅಧ್ಯಾಯದ ಹೆಸರು ಬರೆದಾಗ ಎಸ್ತರಮ್ಮ ಎದ್ದು, ನಡುವಿನದು ಉಳಿಯಿತಲ್ಲ ಎಂದು ಕೇಳಿದಳು. ಸರ್ ಬೋರ್ಡಿನ ಕಡೆಗೇ ತಿರುಗಿಕೊಂಡು, ಅದು ಪರೀಕ್ಷೆಗೆ ಬರುವುದಿಲ್ಲ ಎಂದರು. ಅವಳು ಕೂತಳು. ಆ ಮಧ್ಯಾಹ್ನ ಆಸ್ಪತ್ರೆಯ ಬೆಂಚಿನಲ್ಲಿ ನಾವಿಬ್ಬರೇ ಆ ಅಧ್ಯಾಯ ತೆರೆದೆವು. ಅದು ಇಷ್ಟು ಚಿಕ್ಕದೆಂದು ನಾನು ಅಂದುಕೊಂಡಿರಲಿಲ್ಲ. ಓದುತ್ತ ಓದುತ್ತ ನಾನು ಅಂಚಿನಲ್ಲಿ ನಮ್ಮ ಪೇಟೆಯ ಚೌಕ ಬರೆದುಕೊಂಡೆ. ಅವಳು ಎರಡು ಸಲ ಓದಿ, ಪುಸ್ತಕ ಮುಚ್ಚಿ, ವಾರ್ಡಿನಲ್ಲಿ ಯಾರೋ ಕರೆದರೆಂದು ಎದ್ದು ಹೋದಳು. ಯಾರೂ ಕರೆದಿರಲಿಲ್ಲ.

ಹಲವು ದಿನ ಅವಳು ತರಗತಿಗೆ ಬರಲಿಲ್ಲ. ಬಂದ ದಿನ ಸರ್ ಹಾಜರಿ ತೆಗೆದುಕೊಳ್ಳುವುದು ಮುಗಿಯುವವರೆಗೆ ಕಾದಿದ್ದು, ಎದ್ದು ಅವರ ಮೇಜಿನ ಹತ್ತಿರ ಹೋಗಿ ಸೀಮೆಸುಣ್ಣಕ್ಕೆ ಕೈ ಚಾಚಿದಳು.

'ಹನ್ನೊಂದನೇದು ನಾನು ಮಾಡ್ತೀನ್ರಿ ಸರ್.'

ಸರ್, ಬೇಡಮ್ಮ ಎಂದರು. ಅದು ಅಪ್ಪಣೆಯ ಹಾಗಿರಲಿಲ್ಲ, ಬೇಡಿಕೊಂಡ ಹಾಗಿತ್ತು.

'ಆಸ್ಪತ್ರ್ಯಾಗ ನಾನು ಎಷ್ಟೋ ಮಂದಿಗೆ ಹೇಳೀನ್ರಿ,' ಎಂದಳು ಎಸ್ತರಮ್ಮ. 'ಹೊರಗ ಕುಂತಿರ್ತಾರ, ನಾನು ಹೋಗಿ ಹೇಳಬೇಕು. ಹೇಳದ ಇದ್ರ ಅವರು ಮನಿಗೆ ಹೋಗಾಕ ಆಗೂದಿಲ್ಲ. ನನಗ ಮಾತ್ರ ಯಾರೂ ಹೇಳಲಿಲ್ಲ.'

ಸರ್ ಸೀಮೆಸುಣ್ಣ ಕೊಟ್ಟು ಕಿಟಕಿಯ ಪಕ್ಕಕ್ಕೆ ಸರಿದು ನಿಂತರು.

ಅವಳು ನಮ್ಮ ಪೇಟೆಯ ಮಕ್ಕಳಿಗೂ ಬಾಯಿಪಾಠವಿದ್ದ, ಆ ಕೆಟ್ಟ ಹೊರಳಿನ ಚೌಕವನ್ನು ಬರೆದಳು. ಮೇಲೆ ಒಂದು, ಎರಡು. ಕೆಳಗೆ ಎರಡು, ನಾಲ್ಕು. ಅದಕ್ಕೆ ಸೂತ್ರ ಹಚ್ಚಲು ಹೋಗಲಿಲ್ಲ. ಸೂತ್ರ ಸೋತದ್ದು ಎಲ್ಲರಿಗೂ ಗೊತ್ತು, ತಾನು ಹೇಳುವುದು ಸೂತ್ರದ ಮಾತಲ್ಲ, ಯಾವುದೇ ದಾರಿಯ ಮಾತು ಎಂದಳು. ಆಮೇಲೆ ಬರೆದಳು: ಮರುಚೌಕ ಇದೆ ಎಂದು ಹಿಡಿಯೋಣ. ಬರೆದು, ಆ ಸಾಲಿನ ಕೆಳಗೆ ಸೀಮೆಸುಣ್ಣ ಊರಿ ಸ್ವಲ್ಪ ಹೊತ್ತು ನಿಂತಳು.

'ಇಷ್ಟು ವರ್ಷ ನಾನು ಈ ಸಾಲಿನಾಗ ನಿಂತಿದ್ದೆ,' ಎಂದಳು. 'ಮುಂದಿನ ಸಾಲಿಗೆ ಹೋಗಿದ್ದಿಲ್ಲ.'

ಮುಂದಿನದನ್ನು ಅವಳು ನಿಧಾನವಾಗಿ, ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ಹೇಳಿದಳು. ಕಂಬಾರ ಓಣಿಯ ನಮ್ಮ ಮನೆ ಹೊರಳಿ ಬಾವಿಗೆ ಬಂತು. ಬಾವಿಯೆಂದರೆ ಸೊನ್ನೆ, ಸೊನ್ನೆ. ಆ ಮರುಚೌಕ ಈಗ ಸೊನ್ನೆಯನ್ನು ಹಿಡಿದು ನಮ್ಮ ಮನೆಯ ಜಾಗಕ್ಕೆ ಮರಳಿಸಬೇಕು. ಆದರೆ ಚೌಕದೊಳಗಿನ ಅಂಕಿ ಯಾವುದೇ ಇರಲಿ, ಸೊನ್ನೆಯನ್ನು ಗುಣಿಸಿದರೆ ಸೊನ್ನೆಯೇ ಬರುತ್ತದೆ. ಈಗಿರುವ ಚೌಕಕ್ಕೂ ಅಷ್ಟೆ, ಮುಂದೆ ಯಾರಾದರೂ ಕಂಡುಹಿಡಿಯುವ ಚೌಕಕ್ಕೂ ಅಷ್ಟೆ. ಹಾಗಾದರೆ ನಮ್ಮ ಮನೆ ಮೊದಲಿನಿಂದಲೂ ಬಾವಿಯ ಮೇಲೆಯೇ ಇತ್ತು ಎನ್ನಬೇಕಾಗುತ್ತದೆ. ಇರಲಿಲ್ಲ. ಬಾಗಿಲ ಮುಂದೆ ಒಂದು ಕಲ್ಲುಬೆಂಚಿತ್ತು, ಎದುರಿಗೆ ಕುಲುಮೆಯಿತ್ತು. ಆದ್ದರಿಂದ ನಾವು ಮೊದಲು ಹಿಡಿದದ್ದು ತಪ್ಪು.

'ಮರುಚೌಕ ಇಲ್ಲ,' ಎಂದು ಬರೆದು, ಅಡಿಗೆರೆ ಎಳೆದು, ಸರ್ ಕಡೆಗೆ ತಿರುಗಿದಳು. 'ಎಲ್ಲ್ಯಾರ ತಪ್ಪೈತೇನ್ರಿ ಸರ್?'

ತಪ್ಪಿದೆ ಎಂದು ಸರ್ ಹೇಳಲಿ ಎಂದು ನಾನು ಬಯಸಿದೆ. ಎಲ್ಲರೂ ಬಯಸಿರಬೇಕು. ಸರ್ ಮೊದಲ ಸಾಲಿನಿಂದ ಕೊನೆಯವರೆಗೆ ಓದಿದರು, ಮತ್ತೆ ಮೊದಲಿನಿಂದ ಓದಿದರು. ಕನ್ನಡಕ ತೆಗೆದರು.

'ಇಲ್ಲಮ್ಮ. ಸರಿ ಐತಿ.'

ಅವಳು ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು ಕೈ ಒರೆಸಿಕೊಂಡು ಬಂದು ನನ್ನ ಪಕ್ಕದಲ್ಲಿ ಕೂತಳು. ಆ ದಿನ ಸರ್ ಬೋರ್ಡು ಒರೆಸಲಿಲ್ಲ. ನಮ್ಮ ನಂತರ ಬಂದ ತರಗತಿಯವರೂ ಒರೆಸಲಿಲ್ಲ ಎಂದು ಆಮೇಲೆ ಕೇಳಿದೆ.

ಮನೆಗೆ ಹೋಗುವಾಗ ಅವಳು ನನ್ನನ್ನೂ ಕರೆದಳು. ಬೋರ್ಡಿನ ಮುಂದೆ ನಿಲ್ಲುವುದು ಕಷ್ಟವಾಗಲಿಲ್ಲ, ಅತ್ತೆಯ ಮುಂದೆ ನಿಲ್ಲಬೇಕಲ್ಲ ಎಂದು ದಾರಿಯಲ್ಲಿ ಹೇಳಿದಳು. ಮರಿಯವ್ವ ಬಾಗಿಲಲ್ಲಿ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. ಎಸ್ತರಮ್ಮ ಎದುರಿಗೆ ಕೂತು, ಅವಳ ಮೊಣಕಾಲ ಮೇಲೆ ಕೈಯಿಟ್ಟು, ಆಸ್ಪತ್ರೆಯಲ್ಲಿ ಹೇಗೆ ಹೇಳುತ್ತಿದ್ದಳೋ ಹಾಗೆಯೇ ಹೇಳಿದಳು. ಸುತ್ತುಬಳಸಲಿಲ್ಲ. ದೇವಪುತ್ರ ಬರುವುದಿಲ್ಲ; ಬರುವ ದಾರಿ ಇಲ್ಲ; ಇನ್ನು ಯಾರೂ ಕಂಡುಹಿಡಿಯುವುದೂ ಇಲ್ಲ.

ಮುದುಕಿ ಸೊಪ್ಪಿನಿಂದ ಕಣ್ಣೆತ್ತಲಿಲ್ಲ. ಲೆಕ್ಕ ತಪ್ಪಿರಬಹುದಲ್ಲ ಎಂದಳು. ಮಾಸ್ತರರು ನೋಡಿದ್ದಾರೆ ಎಂದು ಸೊಸೆ ಹೇಳಿದಳು. ಆಗ ಅವಳು ನನ್ನ ಕಡೆ ತಿರುಗಿದಳು.

'ನೀನೂ ನೋಡಿದೇನವ್ವ?'

'ನೋಡೀನ್ರಿ, ಅಜ್ಜಿ.'

'ಸರಿ ಐತೇನು?'

ಇಷ್ಟು ದಿನ ಉತ್ತರ ಹೇಳಿ ಹಿಂದೆ ತಿರುಗಿ ನೋಡಿದವಳು ನಾನು. ಈಗ ಅವಳ ಮುಖವನ್ನೇ ನೋಡಿ ಹೇಳಬೇಕಿತ್ತು. 'ಸರಿ ಐತ್ರಿ,' ಎಂದೆ.

ಅವಳು ಉಳಿದ ಸೊಪ್ಪನ್ನೂ ಸೋಸಿದಳು. ಕಡ್ಡಿ ಒಂದು ಕಡೆ, ಎಲೆ ಒಂದು ಕಡೆ. ಎಲ್ಲ ಮುಗಿದ ಮೇಲೆ ಮಡಿಲು ಕೊಡವಿಕೊಂಡು, 'ಪಾದ್ರಿಗೆ ಹೇಳು. ಗಂಟಿ ಹೊಡಿಸಬೇಕು,' ಎಂದಳು. ಆಗ ಎಸ್ತರಮ್ಮ ಅತ್ತಳು. ಮುದುಕಿ ಅವಳ ತಲೆಯನ್ನು ಎದೆಗೆ ಒತ್ತಿಕೊಂಡು ಗೋಡೆ ನೋಡುತ್ತ ಕೂತಳು. ನಾನು ಸೊಪ್ಪಿನ ಮೊರ ಎತ್ತಿಕೊಂಡು ಒಳಗೆ ಹೋದೆ. ಅಲ್ಲಿ ನನಗೆ ಮಾಡಲು ಬೇರೆ ಏನೂ ಇರಲಿಲ್ಲ.

ಪಾದ್ರಿಯವರು ಪರೀಕ್ಷೆ ಮುಗಿದ ಮೇಲಿನ ಭಾನುವಾರ ಗೊತ್ತುಮಾಡಿದರು. ಪರೀಕ್ಷೆಯಲ್ಲಿ 'ತೋರಿಸಿ' ಎಂಬ ಪ್ರಶ್ನೆಗಳು ಎರಡು ಬಂದವು. ನಾನು ಎರಡನ್ನೂ 'ಹಿಡಿಯೋಣ' ಎಂದು ಶುರುಮಾಡಿ, ಎಲ್ಲಿಯೂ ಅಂಕಿ ಬರೆಯದೆ ಮುಗಿಸಿದೆ. ನಾನು ಪಾಸಾದೆ, ಗುರುನಾಥನೂ ಪಾಸಾದ. ಎಸ್ತರಮ್ಮ ಪರೀಕ್ಷೆಗೆ ಬರಲಿಲ್ಲ. ಯಾಕೆಂದು ಕೇಳಿದ್ದಕ್ಕೆ, ಅಂದು ವಾರ್ಡಿನಲ್ಲಿ ಕೈ ಕಡಿಮೆಯಿತ್ತು ಎಂದಳು.

ಆ ಭಾನುವಾರ ಇಗರ್ಜಿಯಲ್ಲಿ ಆರಾಧನೆ ಮುಗಿದು, ಗಂಟೆಯಜ್ಜ ಹಗ್ಗಕ್ಕೆ ಕೈ ಹಾಕಿದ. ಸತ್ತವರಿಗೆ ಹೊಡೆಯುವ ಗಂಟೆಗೆ ನಮ್ಮ ಊರಿನಲ್ಲಿ ಬೇರೆಯೇ ನಡೆಯಿದೆ. ಒಂದು ಏಟು, ಅದು ಪೂರ್ತಿ ಆರುವವರೆಗೆ ಬಿಡುವು, ಮತ್ತೊಂದು ಏಟು. ಪಾದ್ರಿಯವರು ದೇವಪುತ್ರಪ್ಪನ ಹೆಸರು ಹೇಳಿದರು. ಮರಿಯವ್ವ, ಎಸ್ತರಮ್ಮ, ನಾನು, ನಮ್ಮ ತರಗತಿಯ ಕೆಲವರು ಅಂಗಳದಲ್ಲಿ ನಿಂತಿದ್ದೆವು. ಗಂಟೆ ಆರಿದ ಮೇಲೆ ಇನ್ನೇನು ಹೊರಡಬೇಕು, ಅಷ್ಟರಲ್ಲಿ ಗೇಟಿನಲ್ಲಿ ಒಬ್ಬ ಹೆಂಗಸು ಕಂಡಳು. ಕಂಬಾರ ಓಣಿಗೆ ಕೊಟ್ಟಿದ್ದ ತಂಗಿಯನ್ನು ಕಳೆದುಕೊಂಡ ನೀಲವ್ವ. ಅವಳು ಎಂದೂ ಇಗರ್ಜಿಯೊಳಗೆ ಕಾಲಿಟ್ಟವಳಲ್ಲ. ಚಪ್ಪಲಿಯನ್ನು ಗೇಟಿನ ಹೊರಗೆ ಬಿಟ್ಟು ಬಂದು, ತನ್ನ ತಂಗಿಯ ಹೆಸರಿಗೂ ಹೊಡೆಯುತ್ತೀರೇನು ಎಂದು ಕೇಳಿದಳು. ಪಾದ್ರಿಯವರು ಹೆಸರು ಕೇಳಿದರು. ಅವಳು ಹೇಳಿದಳು.

ಅವಳ ಹಿಂದೆ ಹಮೀದ ಸಾಹೇಬರು ಬಂದರು. ಅಣ್ಣನ ಹೆಸರು, ಅತ್ತಿಗೆಯ ಹೆಸರು, ಮೂರು ಮಕ್ಕಳ ಹೆಸರು. ಆಮೇಲೆ ಗೇಟಿನ ಹೊರಗೆ ಸಾಲು ನಿಂತಿತು. ಬೋರ್ಡಿನ ಮೇಲಿನ ಮಾತು ಅಷ್ಟು ದಿನಗಳಲ್ಲಿ ಮನೆಮನೆಗೂ ಹೋಗಿತ್ತೆಂದು ಆಗ ನನಗೆ ತಿಳಿಯಿತು. ಗುಡಿಗೆ ಹೋಗುವವರು, ಮಸೀದಿಗೆ ಹೋಗುವವರು, ಎಲ್ಲಿಗೂ ಹೋಗದವರು, ಎಲ್ಲ ಬಂದರು. ಒಬ್ಬ ಗಂಡಸು ಹೆಸರು ಹೇಳುವ ಮೊದಲು ತನ್ನ ಹೆಂಡತಿಗೆ ಹೀಗೆ ಗಂಟೆ ಹೊಡೆಸಿದರೆ ಸಿಟ್ಟು ಬರುತ್ತಿತ್ತು, ಬಹಳ ಹಟಮಾರಿ ಎಂದು ಹೇಳಿ ನಕ್ಕು, ಆಮೇಲೆ ನಿಲ್ಲಲಾರದೆ ಕೂತುಬಿಟ್ಟ. ಎಸ್ತರಮ್ಮ ಅವನಿಗೆ ನೀರು ಕೊಟ್ಟಳು. ಹೆಸರು ಹೇಳಿ ಬಂದ ಒಬ್ಬೊಬ್ಬರ ಹತ್ತಿರವೂ ಅವಳು ಸ್ವಲ್ಪ ಹೊತ್ತು ನಿಲ್ಲುತ್ತಿದ್ದಳು.

ಗಂಟೆಯಜ್ಜನ ತೋಳು ಸೋತಿತು. ಗುರುನಾಥ ಹಗ್ಗ ಹಿಡಿದ. ಅವನು ದಣಿದ ಮೇಲೆ ನಾನು ಹಿಡಿದೆ. ಹಗ್ಗ ಒರಟಾಗಿತ್ತು, ಎಳೆದಷ್ಟೂ ಗಂಟೆ ತನ್ನ ಭಾರಕ್ಕೆ ನನ್ನನ್ನು ಮೇಲೆತ್ತುತ್ತಿತ್ತು. ಸಾಲು ಕರಗುತ್ತ ಬಂತು. ಕೊನೆಯಲ್ಲಿ ತಡಕೋಡ ಸರ್ ನಿಂತಿದ್ದರು. ಒಗೆದು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದರು. ಅವರಿಗೆ ಕಂಬಾರ ಓಣಿಯಲ್ಲಿ ಯಾರಿದ್ದರೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅವರು ಒಂಟಿಯಾಗಿದ್ದವರು ಎಂದಷ್ಟೇ ಗೊತ್ತಿತ್ತು. ಪಾದ್ರಿಯವರ ಮುಂದೆ ಬಂದು, ಬೋರ್ಡಿಗೆ ಹೇಳುವ ಹಾಗೆ ಮೆಲ್ಲನೆ ಏನೋ ಹೇಳಿದರು. ಪಾದ್ರಿಯವರಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿ ಎಂದರು.

ಸರ್ ತಲೆಯೆತ್ತಿದರು. ಇಡೀ ವರ್ಷದಲ್ಲಿ ನಾನು ಕೇಳಿರದಷ್ಟು ಸ್ಪಷ್ಟವಾಗಿ, ಅಂಗಳದ ಕೊನೆಯವರೆಗೂ ಕೇಳುವಂತೆ, 'ಸರಸಿಜಾ' ಎಂದರು.

ನಾನು ಹಗ್ಗ ಎಳೆದೆ.